ಗೋಪುರಕ್ಕೆ ಶಿಖರ, ಕಿವಿಗೆ ಕಣಿವೆ

1951ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯೂಯಾರ್ಕಿನಿಂದ ಸಾನ್‌ಫ್ರಾನ್ಸಿಸ್ಕೋವರೆಗೆ 107 ಗೋಪುರಗಳ ಸಾಲೊಂದು ಕೆಲಸಕ್ಕೆ ತೊಡಗಿತು. ತಂತಿಯ ಹಂಗಿಲ್ಲದೆ, ಮೈಕ್ರೋವೇವ್ ಎಂಬ ಗಿಡ್ಡ ರೇಡಿಯೋ ಅಲೆಗಳ ಮೂಲಕ, ಗೋಪುರದಿಂದ ಗೋಪುರಕ್ಕೆ ಟೆಲಿಫೋನಿನ ಮಾತನ್ನು ದಾಟಿಸುವ ಏರ್ಪಾಡು ಅದು. ಈ ಅಲೆಗಳು ಬೆಳಕಿನಂತೆ ನೆಟ್ಟಗೆ ಸಾಗುವುವು. ಗುಡ್ಡ ಅಡ್ಡ ಬಂದರೆ ಅಲ್ಲಿಗೇ ನಿಂತುವು. ಆದುದರಿಂದ ಗೋಪುರಗಳು ಗುಡ್ಡದ ನೆತ್ತಿಯನ್ನೂ ನಗರಗಳ ಎತ್ತರದ ಕಟ್ಟಡಗಳನ್ನೂ ಹುಡುಕಿಕೊಂಡು ಹೋದುವು.

ಏಳು ವರ್ಷ ಕಳೆಯುವಷ್ಟರಲ್ಲಿ ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಹುಡುಕಾಟ ಮೊದಲಾಯಿತು. ಚಂದ್ರನತ್ತ ಹಾರಿಸಲಿದ್ದ ಪಯೊನೀರ್ ನೌಕೆಗಳ ದನಿಯನ್ನು ಕೇಳುವ ಕಿವಿಯನ್ನು ಎಲ್ಲಿಡಬೇಕು? ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದವರು ತಮ್ಮ ಪ್ಯಾಸಡೀನವನ್ನೂ ನೆರೆಯ ಲಾಸ್ ಏಂಜಲೀಸನ್ನೂ ಬಿಟ್ಟು ಮೊಹಾವಿ ಮರುಭೂಮಿಗೆ ಹೋದರು. ಅಲ್ಲಿ ಗೋಲ್ಡ್‌ಸ್ಟೋನ್ ಎಂಬೆಡೆ, ಸುತ್ತ ಗುಡ್ಡಗಳಿರುವ ಬೋಗುಣಿಯಂಥ ತಗ್ಗಿನಲ್ಲಿ, 1958ರಲ್ಲಿ 26 ಮೀಟರ್ ಅಗಲದ ಆಂಟೆನಾ ಎದ್ದಿತು. ಬೇಕಾದ ದನಿ ಬರುವುದು ಆಕಾಶದಿಂದ; ಬೇಡದ ಗದ್ದಲ ಬರುವುದು ಅಡ್ಡದಿಂದ. ಗೋಪುರಕ್ಕೆ ವೈರಿಯಾದ ಗುಡ್ಡವೇ ಇಲ್ಲಿ ಕಾವಲುಗಾರ! 1959ರ ಮಾರ್ಚ್‌ನಲ್ಲಿ ಪಯೊನೀರ್-4ರ ದನಿಯನ್ನು ಸುಮಾರು ಆರೂವರೆ ಲಕ್ಷ ಕಿಲೋಮೀಟರಿನವರೆಗೂ ಬೆಂಬತ್ತಲಾಯಿತು.

ಇಷ್ಟೊಂದು ಮಡಿವಂತಿಕೆ ಏಕೆಂದು ವಾಚಕರು ಕೇಳಬಹುದು. 1965ರ ಜುಲೈಯಲ್ಲಿ ಮಂಗಳನ ಬಳಿ ಹಾದುಹೋದ ಮ್ಯಾರಿನರ್-4ರ ಪ್ರೇಷಕದ ಶಕ್ತಿ ಹತ್ತೇ ವಾಟ್, ಒಂದು ಸಣ್ಣ ರಾತ್ರಿದೀಪದಷ್ಟು. ಅದು ಇಪ್ಪತ್ತು ಕೋಟಿ ಕಿಲೋಮೀಟರಿಗೂ ಮಿಕ್ಕ ದೂರದಿಂದ ಬಂದು ಮುಟ್ಟಬೇಕು. ಒಂದೊಂದು ಚಿತ್ರ ಇಳಿಯುವುದಕ್ಕೆ ಎಂಟು ಗಂಟೆಗೂ ಹೆಚ್ಚು ಹಿಡಿಯಿತು. ಆ ಪಿಸುಮಾತಿನ ಕಂಪನಾಂಕ 2300 ಮೆಗಾಹರ್ಟ್ಸಿನ ಹತ್ತಿರ. ನಗರದ ಎಷ್ಟೋ ಮೈಕ್ರೋವೇವ್ ಪ್ರೇಷಕಗಳ ನೆಲೆಯೂ ಅದರ ಆಸುಪಾಸೇ. ಆಂಟೆನಾ ಎದುರಿನದನ್ನಷ್ಟೇ ಕೇಳುವುದೂ ಇಲ್ಲ. ಅಕ್ಕಪಕ್ಕದ್ದೂ ಅಷ್ಟಿಷ್ಟು ಕಿವಿಗೆ ಬೀಳುತ್ತದೆ. ಗ್ರಾಹಕವನ್ನು ದ್ರವ ಹೀಲಿಯಮ್ಮಿನಲ್ಲಿ ತಣಿಸಿ ಅದರ ಸ್ವಂತ ಗದ್ದಲವನ್ನು ಅಡಗಿಸಿದರು. ಆದರೆ ಕಿವಿ ಚುರುಕಾದಷ್ಟೂ ನೆರೆಮನೆಯ ಜಗಳ ಹೆಚ್ಚು ಕೇಳಿಸುವುದು ಲೋಕರೂಢಿಯಲ್ಲವೇ?

ಅದೇ 1965ರಲ್ಲಿ ಆಸ್ಟ್ರೇಲಿಯದ ಟಿಡ್‌ಬಿನ್‌ಬಿಲ್ಲ ಕಣಿವೆಯಲ್ಲಿ ಇನ್ನೊಂದು ನಿಲ್ದಾಣ ತೆರೆಯಿತು. ರಾಜಧಾನಿ ಕ್ಯಾನ್‌ಬರ ಅಲ್ಲಿಗೆ ಹತ್ತಿರವೇ. ನಡುವೆ ಬೆಟ್ಟಸಾಲು ಮರೆಯಾಗಿದೆ. ನಮ್ಮವರು ಹಿಡಿದದ್ದೂ ಇದೇ ಜಾಡು. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಬ್ಯಾಲಾಳಿನಲ್ಲಿ, ಬಟ್ಟಲಿನಂಥ ತಾಣವನ್ನೇ ಆರಿಸಿ, 32 ಮೀಟರ್ ಆಂಟೆನಾವನ್ನು ನಿಲ್ಲಿಸಿ, 2008ರಲ್ಲಿ ಚಂದ್ರಯಾನ-1ರ ದನಿ ಕೇಳಿದರು.

ಈಚೆಗೆ ವ್ಯಾಜ್ಯ ತಿರುಗುಮುರುಗಾಗಿದೆ. ದೂರದ ನೌಕೆಗಳಿಗೆ ಆದೇಶ ಕಳಿಸಲು ಮೀಸಲಾದ 2110ರಿಂದ 2120 ಮೆಗಾಹರ್ಟ್ಸಿನ ಪಟ್ಟಿಯ ಮೇಲೆಯೇ ಮೊಬೈಲ್ ಫೋನಿನ ಪಟ್ಟಿಯೂ ಬಂದು ಕುಳಿತಿದೆ. ಹಾಗಾಗಿ ಇಷ್ಟು ದಿನ ನಗರದ ಗದ್ದಲಕ್ಕೆ ಅಂಜುತ್ತಿದ್ದ ನಿಲ್ದಾಣವೇ, ಬಾಯಿ ತೆರೆದರೆ ನಗರದ ಫೋನುಗಳಿಗೆ ಗದ್ದಲವಾಗಬಹುದು. ನೌಕೆಗಳ ಸಂಭಾಷಣೆಯೂ ಮೆಲ್ಲನೆ ಮೇಲಿನ ಪಟ್ಟಿಗಳಿಗೆ, 8400 ಮೆಗಾಹರ್ಟ್ಸಿನ ಕಡೆಗೆ, ಸರಿದಿದೆ. ಬ್ಯಾಲಾಳಿನ ದೊಡ್ಡ ಆಂಟೆನಾ ಹಳೆಯದು, ಹೊಸದು ಎರಡೂ ಪಟ್ಟಿಗಳಲ್ಲಿ ಕೇಳಬಲ್ಲದು.