ಅಪರಾಧ ಸಾಹಿತ್ಯದ ಲೇಖಕರ ಸಂದರ್ಶನಗಳು: ಇತಿಹಾಸ

ಪತ್ತೇದಾರಿ, ಅಪರಾಧ ಹಾಗೂ ಭೀತಿಪ್ರಧಾನ ಕಥೆಗಳನ್ನು ಬರೆಯುವವರೊಡನೆ ಅವರ ಬರವಣಿಗೆಯ ಕ್ರಮ, ವಸ್ತುವಿನ ಆಯ್ಕೆ ಮತ್ತು ಪಾತ್ರಗಳ ಮೂಲವನ್ನು ಕುರಿತು ನಡೆಸಿ, ಅಚ್ಚು ಮಾಡಿದ ಇಲ್ಲವೇ ಪ್ರಸಾರ ಮಾಡಿದ ಮಾತುಕತೆಗಳು ಈ ಪ್ರಕಾರಕ್ಕೆ ಸೇರುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪತ್ರಿಕೆಗಳ ಕುತೂಹಲದಿಂದ ಹುಟ್ಟಿದ ಇವು, ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ರಚನಾಕೌಶಲದ ಚರ್ಚೆಯಾಗಿ ಬೆಳೆದು, ಹೊತ್ತು ಕಳೆಯುವ ಓದೆಂದು ವಿಮರ್ಶೆ ಬದಿಗಿಟ್ಟಿದ್ದ ಬರವಣಿಗೆಗೆ ಸಾಹಿತ್ಯದ ಮನ್ನಣೆ ದೊರೆಯಲು ನೆರವಾದವು.

ಆರಂಭದ ಸಂದರ್ಶನಗಳ ಆಸಕ್ತಿ ಬರವಣಿಗೆಗಿಂತ ಹೆಚ್ಚಾಗಿ ಪತ್ತೇದಾರನ ಮೇಲಿತ್ತು. ಷರ್ಲಾಕ್ ಹೋಮ್ಸ್ ಕಥೆಗಳನ್ನು ಪ್ರಕಟಿಸುತ್ತಿದ್ದ ಲಂಡನ್ನಿನ 'ಸ್ಟ್ರಾಂಡ್' ಮಾಸಪತ್ರಿಕೆ 1892ರ ಆಗಸ್ಟ್‌ನಲ್ಲಿ ಹ್ಯಾರಿ ಹೌ ಅವರು ಆರ್ಥರ್ ಕಾನನ್ ಡಾಯ್ಲ್ ಅವರನ್ನು ಭೇಟಿಯಾಗಿ ಬರೆದ ಲೇಖನವನ್ನು ಅಚ್ಚು ಮಾಡಿತು. ಎಡಿನ್‌ಬರೋದಲ್ಲಿ ಡಾಯ್ಲ್ ಅವರಿಗೆ ವೈದ್ಯಶಾಸ್ತ್ರ ಕಲಿಸಿದ ಜೋಸೆಫ್ ಬೆಲ್ ಅವರೇ ಹೋಮ್ಸ್ ಪಾತ್ರಕ್ಕೆ ಪ್ರೇರಣೆಯೆಂಬ ಸಂಗತಿಯನ್ನು ಅದು ಓದುಗರಿಗೆ ತಿಳಿಸಿದ್ದಲ್ಲದೆ, ಬೆಲ್ ಅವರ ಪತ್ರವನ್ನೂ ಒಳಗೊಂಡಿತ್ತು. 1920ರ ದಶಕದ ಕೊನೆಯಲ್ಲಿ ತೆಗೆದ ಒಂದು ಮಾತಿನ ಚಿತ್ರದಲ್ಲಿಯೂ ಡಾಯ್ಲ್ ಇದೇ ವಿಷಯವನ್ನು ವಿವರಿಸಿದ್ದಾರೆ.

ಪಾತ್ರದ ಮೂಲದಿಂದ ಕೃತಿಯ ಕಟ್ಟಡದ ಕಡೆಗೆ ಪ್ರಶ್ನೆಗಳು ಹೊರಳಿದ್ದು 1950ರ ದಶಕದಲ್ಲಿ. ಸಂದರ್ಶನಗಳಿಂದ ದೂರವೇ ಉಳಿಯುತ್ತಿದ್ದ ಅಗಾಥಾ ಕ್ರಿಸ್ಟಿ 1955ರಲ್ಲಿ ಬಿಬಿಸಿ ಬಾನುಲಿಯಲ್ಲಿ ಮಾತನಾಡಿ, ಕಥೆ ಹೇಗೆ ಬೆಳೆಯಬೇಕೆಂದು ಯೋಚಿಸುವುದೇ ನಿಜವಾದ ಕೆಲಸವೆಂದೂ, ಬರೆದು ಮುಗಿಸಲು ಮೂರು ತಿಂಗಳು ಸಾಕೆಂದೂ ತಿಳಿಸಿದರು. 1953ರಲ್ಲಿ ಆರಂಭವಾದ 'ಪ್ಯಾರಿಸ್ ರಿವ್ಯೂ' ಎಂಬ ಸಾಹಿತ್ಯಪತ್ರಿಕೆ, ಇ. ಎಂ. ಫಾರ್‌ಸ್ಟರ್ ಅವರಂಥವರಿಗಾಗಿ ರೂಪಿಸಿದ ದೀರ್ಘ ಸಂದರ್ಶನಮಾಲೆಗೆ 1955ರಲ್ಲಿಯೇ ಮೆಗ್ರೆ ಎಂಬ ಪೊಲೀಸ್ ಅಧಿಕಾರಿಯ ಪಾತ್ರದಿಂದ ಹೆಸರಾದ ಬೆಲ್ಜಿಯಂ ಮೂಲದ ಜಾರ್ಜ್ ಸಿಮೆನಾನ್ ಅವರನ್ನೂ ಸೇರಿಸಿಕೊಂಡಿತು. ಲಕೋಟೆಯೊಂದರ ಮೇಲೆ ಪಾತ್ರಗಳ ಹೆಸರು, ವಯಸ್ಸು, ಕುಟುಂಬದ ವಿವರಗಳನ್ನು ಬರೆದುಕೊಂಡು, ಇವರನ್ನು ಸಹನೆಯ ಕೊನೆಯಂಚಿಗೆ ತಳ್ಳುವ ಘಟನೆ ಯಾವುದಿರಬಹುದೆಂದು ತಾವೇ ಕೇಳಿಕೊಳ್ಳುವುದನ್ನೂ, ದಿನಕ್ಕೊಂದು ಅಧ್ಯಾಯದಂತೆ ಸುಮಾರು 11 ದಿನಗಳಲ್ಲಿ ಕಾದಂಬರಿ ಮುಗಿಸುವುದನ್ನೂ, ತೀರಾ ಸಾಹಿತ್ಯಿಕವಾಗಿ ಬರೆಯಬಾರದೆಂಬ ಲೇಖಕಿ ಕೋಲೆಟ್ ಅವರ ಸಲಹೆಯಂತೆ ಕೇವಲ ಪರಿಣಾಮಕ್ಕಾಗಿ ಬಂದ ವಿಶೇಷಣಗಳನ್ನು ತೆಗೆದುಹಾಕುವುದನ್ನೂ ಸಿಮೆನಾನ್ ಅದರಲ್ಲಿ ವಿವರಿಸಿದರು. ಜನಪ್ರಿಯ ಲೇಖಕನ ವೇಗವು ಅಲಕ್ಷ್ಯದ ಗುರುತಲ್ಲ, ಕಟ್ಟುನಿಟ್ಟಾದ ಶಿಸ್ತಿನ ಫಲವೆಂಬುದನ್ನು ಈ ಸಂದರ್ಶನ ತೋರಿಸಿಕೊಟ್ಟಿತು.

ಲೇಖಕರಿಬ್ಬರು ಪರಸ್ಪರ ಪ್ರಶ್ನಿಸಿಕೊಳ್ಳುವ ಮಾದರಿಗೆ 1958ರ ಜುಲೈನಲ್ಲಿ ಬಿಬಿಸಿ ಪ್ರಸಾರ ಮಾಡಿದ ರೇಮಂಡ್ ಚಾಂಡ್ಲರ್ ಮತ್ತು ಇಯಾನ್ ಫ್ಲೆಮಿಂಗ್ ಅವರ ಸಂಭಾಷಣೆ ಪ್ರಸಿದ್ಧ ಉದಾಹರಣೆ. ಹಣ ಪಡೆದು ಮಾಡುವ ಕೊಲೆಯನ್ನು ಅಮೆರಿಕದಲ್ಲಿ ಹೇಗೆ ಏರ್ಪಡಿಸುತ್ತಾರೆಂಬ ಫ್ಲೆಮಿಂಗ್ ಅವರ ಪ್ರಶ್ನೆಗೆ ಚಾಂಡ್ಲರ್ ವಿವರವಾಗಿ ಉತ್ತರಿಸಿದ್ದಾರೆ. ಮರುವರ್ಷದ ಮಾರ್ಚ್‌ನಲ್ಲಿಯೇ ಅವರು ನಿಧನರಾದ್ದರಿಂದ ಈ ಧ್ವನಿಮುದ್ರಿಕೆಗೆ ದಾಖಲೆಯ ಬೆಲೆಯೂ ಬಂದಿದೆ.

ಮುಂದಿನ ದಶಕಗಳಲ್ಲಿ ಈ ಮಾತುಕತೆಗಳು ಪುಸ್ತಕಗಳಾಗಿ ನೆಲೆಗೊಂಡವು. ಅಮೆರಿಕದಲ್ಲಿ 1967ರಲ್ಲಿ ಅಲೆನ್ ಹ್ಯೂಬಿನ್ ಆರಂಭಿಸಿದ 'ಆರ್ಮ್‌ಚೇರ್ ಡಿಟೆಕ್ಟಿವ್' ಪತ್ರಿಕೆ ಪತ್ತೇದಾರಿ ಸಾಹಿತ್ಯದ ಅಧ್ಯಯನಕ್ಕೇ ಮೀಸಲಾಗಿತ್ತು. 1983ರಲ್ಲಿ ಜಾನ್ ಕಾರ್ ಅವರ 'ದಿ ಕ್ರಾಫ್ಟ್ ಆಫ್ ಕ್ರೈಮ್' ಮತ್ತು ಡಯಾನಾ ಕೂಪರ್-ಕ್ಲಾರ್ಕ್ ಅವರ 'ಡಿಸೈನ್ಸ್ ಆಫ್ ಡಾರ್ಕ್‌ನೆಸ್' ಎಂಬ ಎರಡು ಸಂದರ್ಶನ ಸಂಕಲನಗಳು ಹೊರಬಂದವು, ಎರಡನೆಯದರಲ್ಲಿ ಪಿ. ಡಿ. ಜೇಮ್ಸ್, ಪೆಟ್ರೀಷಿಯಾ ಹೈಸ್ಮಿತ್ ಮೊದಲಾದವರೊಡನೆ ನಡೆಸಿದ ಮಾತುಕತೆಗಳಿವೆ. ಭೀತಿ ಸಾಹಿತ್ಯದಲ್ಲಿ ಡಗ್ಲಸ್ ವಿಂಟರ್ ಅವರ 'ಫೇಸಸ್ ಆಫ್ ಫಿಯರ್' (1985) ಇದೇ ಕೆಲಸವನ್ನು ಮಾಡಿತು. ಆದರೂ ಜನಪ್ರಿಯ ಕಾದಂಬರಿಕಾರರನ್ನು ಅವರ ಭಾಷೆಯ ಬಗ್ಗೆ ಯಾರೂ ಕೇಳುವುದಿಲ್ಲವೆಂಬ ಕೊರಗು ಉಳಿದೇ ಇತ್ತು. ಸ್ಟೀಫನ್ ಕಿಂಗ್ 'ಆನ್ ರೈಟಿಂಗ್' (2000) ಕೃತಿಯನ್ನು ಬರೆಯಲು ಲೇಖಕಿ ಆಮಿ ಟ್ಯಾನ್ ವ್ಯಕ್ತಪಡಿಸಿದ ಈ ಕೊರಗೇ ಪ್ರೇರಣೆಯಾಯಿತು.

ಸಂದರ್ಶನವು ಸಭಾಂಗಣಕ್ಕೂ ವಿಸ್ತರಿಸಿತು. ವಿಮರ್ಶಕ ಆಂಥನಿ ಬೌಚರ್ ಅವರ ಹೆಸರಿನಲ್ಲಿ 1970ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾದ 'ಬೌಚರ್‌ಕಾನ್' ಸಮ್ಮೇಳನ, ಸ್ಪೇನಿನ ಹಿಹೋನ್ ನಗರದ 'ಸೆಮಾನಾ ನೆಗ್ರಾ' (1988), ಇಂಗ್ಲೆಂಡಿನ ಹ್ಯಾರೊಗೇಟ್ ಉತ್ಸವ (2003) ಮುಂತಾದವುಗಳಲ್ಲಿ ಓದುಗರೇ ಲೇಖಕರನ್ನು ನೇರವಾಗಿ ಪ್ರಶ್ನಿಸುವ ಅವಕಾಶ ದೊರೆಯಿತು.

ಈ ಪ್ರಕಾರಕ್ಕೆ ತನ್ನದೇ ಆದ ಒಂದು ಮಿತಿಯುಂಟು. ರಹಸ್ಯವೇ ಕಥೆಯ ಜೀವಾಳವಾದ್ದರಿಂದ, ಕೊಲೆಗಾರನನ್ನು ಬಯಲು ಮಾಡದೆ ಕಥೆಯ ಕಟ್ಟಡವನ್ನು ಚರ್ಚಿಸಬೇಕಾಗುತ್ತದೆ. ಹೀಗಾಗಿ ಮಾತು ಹಲವು ವೇಳೆ ಸ್ಥಳ, ಪಾತ್ರಗಳ ಉದ್ದೇಶ ಮತ್ತು ನ್ಯಾಯದ ಪ್ರಶ್ನೆಗಳ ಕಡೆಗೆ ತಿರುಗುತ್ತದೆ. ಅಲ್ಲದೆ ಲೇಖಕರು ತಮ್ಮ ಬಗ್ಗೆ ಹೇಳಿಕೊಂಡದ್ದನ್ನು ಹಸ್ತಪ್ರತಿಗಳೊಡನೆ ಹೋಲಿಸಿ ನೋಡುವುದು ಅಗತ್ಯ. ಕ್ರಿಸ್ಟಿ ಅವರ 73 ಟಿಪ್ಪಣಿ ಪುಸ್ತಕಗಳನ್ನು ಪರಿಶೀಲಿಸಿ ಜಾನ್ ಕರನ್ 2009ರಲ್ಲಿ ಪ್ರಕಟಿಸಿದ ಅಧ್ಯಯನವು, ಒಂದೇ ಕಥೆಗೆ ಅವರು ಬೇರೆ ಬೇರೆ ಅಪರಾಧಿಗಳನ್ನೂ ಉದ್ದೇಶಗಳನ್ನೂ ಪಟ್ಟಿ ಮಾಡಿ ತೂಗಿ ನೋಡುತ್ತಿದ್ದುದನ್ನು ತೋರಿಸಿ, 1955ರಲ್ಲಿ ಅವರು ಬಾನುಲಿಯಲ್ಲಿ ಆಡಿದ ಮಾತನ್ನು ಸಮರ್ಥಿಸುತ್ತದೆ.