ಸಿಂಬಿಯನ್ ಬಾಗಿಲು ತೆರೆದದ್ದೇಕೆ?

ವ್ಯಾಪಾರಿಯೊಬ್ಬ ತನ್ನ ಸರಕನ್ನು ಪುಕ್ಕಟೆಯಾಗಿ ಹಂಚತೊಡಗಿದರೆ, ಅದನ್ನು ಔದಾರ್ಯವೆಂದು ಬಗೆಯುವ ಮುನ್ನ ಆತನ ಲಾಭ ಬೇರೆಲ್ಲಿದೆಯೆಂದು ನೋಡಬೇಕಾಗುತ್ತದೆ. ಮೊಬೈಲ್ ಫೋನಿನ ಇತಿಹಾಸದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಸಿಂಬಿಯನ್.

ಫೋನಿನ ಎಲ್ಲ ಕೆಲಸಗಳನ್ನೂ ನಡೆಸುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಮ್. 1998ರಲ್ಲಿ ನೋಕಿಯಾ, ಎರಿಕ್ಸನ್ ಮತ್ತು ಮೊಟೊರೊಲಾ ಕಂಪೆನಿಗಳು ಬ್ರಿಟನ್ನಿನ ಸಯಾನ್ ಜೊತೆಗೂಡಿ, ಅದರ ತಂತ್ರಾಂಶವನ್ನು ಬೆಳೆಸಲು ಲಂಡನ್ನಿನಲ್ಲಿ ಸಿಂಬಿಯನ್ ಸಂಸ್ಥೆಯನ್ನು ಸ್ಥಾಪಿಸಿದವು. ಎದುರಾಳಿಗಳನ್ನು ಒಂದುಗೂಡಿಸಿದ್ದು ಸ್ನೇಹವಲ್ಲ, ಭಯ. ಕಂಪ್ಯೂಟರ್ ತಯಾರಕರು ಮೈಕ್ರೋಸಾಫ್ಟಿಗೆ ಅಧೀನರಾದ ಹಾಗೆ ತಾವೂ ಆಗಬಾರದೆಂಬುದು ಅವರ ಲೆಕ್ಕಾಚಾರವಾಗಿತ್ತು. ಆಗ ತಂತ್ರಾಂಶಕ್ಕೆ ಬೀಗ ಭದ್ರವಾಗಿತ್ತು. ಅದನ್ನು ಬಳಸುವ ತಯಾರಕರು ಪ್ರತಿ ಫೋನಿಗೂ ಶುಲ್ಕ ತೆರಬೇಕಿತ್ತು.

2007ರಲ್ಲಿ ಪರಿಸ್ಥಿತಿ ಬದಲಾಯಿತು. ಜೂನ್‌ನಲ್ಲಿ ಆ್ಯಪಲ್‌ನ ಐಫೋನ್ ಮಾರುಕಟ್ಟೆಗೆ ಬಂತು. ನವೆಂಬರ್‌ನಲ್ಲಿ ಗೂಗಲ್ ಮತ್ತದರ ಜೊತೆಗಾರರು ಆಂಡ್ರಾಯ್ಡನ್ನು ಘೋಷಿಸಿ, ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದೆಂದರು. ಗೂಗಲ್‌ನ ಆದಾಯ ಜಾಹೀರಾತಿನದು. ಅದರ ಪಾಲಿಗೆ ಪ್ರತಿಯೊಂದು ಫೋನೂ ತನ್ನ ಶೋಧಸೇವೆಯ ಬಾಗಿಲು. ಹೀಗೆ ಒಂದು ಪುಕ್ಕಟೆ ಸಿಗುವಾಗ ಇನ್ನೊಂದಕ್ಕೆ ಹಣ ಕೊಡುವವರಾರು?

2008ರ ಜೂನ್ 24ರಂದು, ಸಿಂಬಿಯನ್‌ನಲ್ಲಿ ಸುಮಾರು ಶೇ. 48ರಷ್ಟು ಪಾಲು ಹೊಂದಿದ್ದ ನೋಕಿಯಾ, ಉಳಿದ ಪಾಲನ್ನೂ 26.4 ಕೋಟಿ ಯೂರೋಗಳಿಗೆ ಕೊಳ್ಳುವುದಾಗಿ ಸಾರಿತು. ತಂತ್ರಾಂಶವನ್ನು ಒಂದು ಪ್ರತಿಷ್ಠಾನಕ್ಕೆ ಒಪ್ಪಿಸಲಾಗುವುದೆಂದಿತು. 2010ರ ಫೆಬ್ರವರಿಯಲ್ಲಿ ಅದರ ಮೂಲ ಸಂಕೇತ ಎಲ್ಲರಿಗೂ ಮುಕ್ತವಾಯಿತು. ನೋಕಿಯಾ ಹಣ ಗಳಿಸುತ್ತಿದ್ದುದು ಫೋನ್ ಮಾರಾಟದಿಂದ. ತಂತ್ರಾಂಶ ಅಗ್ಗವಾದಷ್ಟೂ, ಹೊರಗಿನ ತಂತ್ರಜ್ಞರು ಅದಕ್ಕಾಗಿ ದುಡಿದಷ್ಟೂ ಅದಕ್ಕೇ ಲಾಭ.

ಆದರೆ ಲೆಕ್ಕ ತಪ್ಪಿತು. ಅದೇ ವರ್ಷ ಸ್ಯಾಮ್‌ಸಂಗ್, ಸೋನಿ ಎರಿಕ್ಸನ್‌ಗಳು ಸಿಂಬಿಯನ್ನಿನಿಂದ ದೂರ ಸರಿದವು. ಡಿಸೆಂಬರ್‌ನಲ್ಲಿ ಪ್ರತಿಷ್ಠಾನದ ಜಾಲತಾಣಗಳು ಮುಚ್ಚಿದವು. 2011ರ ಫೆಬ್ರವರಿಯಲ್ಲಿ ನೋಕಿಯಾ ಯಾರಿಗೆ ಹೆದರಿ ಸಿಂಬಿಯನ್ ಕಟ್ಟಿತ್ತೋ ಅದೇ ಮೈಕ್ರೋಸಾಫ್ಟಿನ ಕೈಹಿಡಿಯಿತು. ಸಿಂಬಿಯನ್ ಕೆಲಸವನ್ನು, ಭಾರತದವರೂ ಸೇರಿ ಸುಮಾರು 3,000 ನೌಕರರೊಂದಿಗೆ, ಆಕ್ಸೆಂಚರ್ ಕಂಪೆನಿಗೆ ವರ್ಗಾಯಿಸುವ ನಿರ್ಧಾರವಾಯಿತು. ಹೊಸ ಸಂಕೇತ ಮತ್ತೆ ಆಯ್ದ ಪಾಲುದಾರರಿಗೆ ಮಾತ್ರ ಸೀಮಿತವಾಯಿತು. ಮುಕ್ತ ಪರವಾನಗಿಯಡಿ ಒಮ್ಮೆ ಕೊಟ್ಟದ್ದನ್ನು ಹಿಂಪಡೆಯಲಾಗದು, ನಿಜ. ಆದರೆ ಅದನ್ನು ಮುಂದುವರಿಸುವ ಕೈಗಳೇ ಇಲ್ಲದಾದಾಗ ಆ ಹಕ್ಕಿನಿಂದ ಏನು ಪ್ರಯೋಜನ?

ಗೆದ್ದ ಆಂಡ್ರಾಯ್ಡಿನ ಕಥೆಯೂ ಪೂರ್ಣ ಭಿನ್ನವಲ್ಲ. ತನ್ನ ಆ್ಯಪ್ ಮಳಿಗೆ ಬೇಕಾದ ತಯಾರಕರು ತನ್ನ ಶೋಧಸೇವೆ ಮತ್ತು ಬ್ರೌಸರನ್ನೂ ಅಳವಡಿಸಬೇಕೆಂದು ಕಟ್ಟುಪಾಡು ಹಾಕಿದ್ದೂ ಸೇರಿದಂತೆ ಹಲವು ನಿರ್ಬಂಧಗಳಿಗಾಗಿ, 2018ರಲ್ಲಿ ಯುರೋಪಿಯನ್ ಆಯೋಗ ಗೂಗಲ್‌ಗೆ 434 ಕೋಟಿ ಯೂರೋ ದಂಡ ವಿಧಿಸಿತು. 2022ರಲ್ಲಿ ನ್ಯಾಯಾಲಯ ಅದನ್ನು 412.5 ಕೋಟಿಗೆ ಇಳಿಸಿತು.

ಸ್ವಾರ್ಥದಿಂದ ತೆರೆದ ಬಾಗಿಲಿನಿಂದಲೂ ಜನರಿಗೆ ಪ್ರಯೋಜನವಾಗಬಹುದು. ಅಗ್ಗದ ಫೋನುಗಳು ಬಂದದ್ದು ಹಾಗೆಯೇ. ಆದರೆ ಬೀಗದ ಕೈ ಯಾರ ಬಳಿ ಉಳಿದಿದೆ ಎಂಬುದನ್ನು ಬಳಕೆದಾರರು ಮರೆಯುವಂತಿಲ್ಲ.