ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮತ್ತು ಲಿನಕ್ಸ್: ಡ್ಯುಯಲ್ ಬೂಟ್ ಮಾಡಿದರೆ ಫೈಲ್‌ಗಳು ಅಳಿಸಿಹೋಗುತ್ತವೆಯೇ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಬೇಕಾದ ಟಿಪಿಎಂ 2.0 ಭದ್ರತಾ ಸೌಲಭ್ಯ ಹಲವು ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲ. ಹಾಗೆಂದು ನುಡಿ, ಟ್ಯಾಲಿಯಂಥ ತಂತ್ರಾಂಶ ಬಳಸುವವರು ವಿಂಡೋಸ್ ಬಿಡುವಂತೆಯೂ ಇಲ್ಲ. ಇಂಥವರಿಗೆ ಇರುವ ಒಂದು ದಾರಿ ಡ್ಯುಯಲ್ ಬೂಟ್: ವಿಂಡೋಸ್ ಜೊತೆಗೆ ಉಬುಂಟುವಿನಂಥ ಉಚಿತ ಲಿನಕ್ಸ್ ಅನ್ನೂ ಅದೇ ಯಂತ್ರದಲ್ಲಿ ಇಟ್ಟುಕೊಳ್ಳುವುದು. ಇದರ ಬಗ್ಗೆ ಇರುವ ಮೂರು ನಂಬಿಕೆಗಳು ಎಷ್ಟು ನಿಜ?

ನಂಬಿಕೆ 1: ಎರಡು ಸಿಸ್ಟಮ್ ಇದ್ದರೆ ಲ್ಯಾಪ್‌ಟಾಪ್ ನಿಧಾನವಾಗುತ್ತದೆ

ತಪ್ಪು. ಲ್ಯಾಪ್‌ಟಾಪ್ ಆನ್ ಮಾಡಿದಾಗ ಗ್ರಬ್ ಎಂಬ ಪುಟ್ಟ ಮೆನು ಬರುತ್ತದೆ. ನೀವು ಆರಿಸಿದ ಸಿಸ್ಟಮ್ ಮಾತ್ರ ಚಾಲೂ ಆಗುತ್ತದೆ, ಇನ್ನೊಂದು ಡಿಸ್ಕ್‌ನಲ್ಲಿ ಸುಮ್ಮನೆ ಇರುತ್ತದೆ. ಪಾಲಾಗುವುದು ಡಿಸ್ಕ್‌ನ ಜಾಗ ಮಾತ್ರ. ಉಬುಂಟುಗೆ ಕನಿಷ್ಠ 25 ಜಿಬಿ ಬೇಕು.

ನಂಬಿಕೆ 2: ಫೋಟೋ, ಫೈಲ್ ಎಲ್ಲ ಅಳಿಸಿಹೋಗುತ್ತವೆ

ಅರ್ಧ ಸತ್ಯ. ಇನ್‌ಸ್ಟಾಲ್ ಮಾಡುವಾಗ ‘ವಿಂಡೋಸ್ ಜೊತೆಗೆ ಇನ್‌ಸ್ಟಾಲ್ ಮಾಡು’ ಎಂಬ ಅರ್ಥದ ಆಯ್ಕೆ ಒತ್ತಿದರೆ ಹಳೆಯ ಫೈಲ್‌ಗಳು ಉಳಿಯುತ್ತವೆ. ‘ಇರೇಸ್ ಡಿಸ್ಕ್’ ಒತ್ತಿದರೆ ಆ ಡಿಸ್ಕ್‌ನಲ್ಲಿರುವ ಸಿ ಡ್ರೈವ್, ಡಿ ಡ್ರೈವ್ ಎರಡೂ ಹೋಗುತ್ತವೆ. ಅಪಾಯ ಇರುವುದು ಈ ಒಂದು ಪರದೆಯಲ್ಲಿ. ನಡುವೆ ಕರೆಂಟ್ ಹೋದರೂ ತೊಂದರೆಯಾಗಬಹುದು, ಚಾರ್ಜರ್ ಹಾಕಿಯೇ ಕೂರಿ.

ನಂಬಿಕೆ 3: ಡ್ಯುಯಲ್ ಬೂಟ್ ಮಾಡಿದರೆ ವಿಂಡೋಸ್ 10 ಕೂಡ ಸುರಕ್ಷಿತ

ತಪ್ಪು. ಭದ್ರತಾ ಅಪ್‌ಡೇಟ್ ನಿಂತ ವಿಂಡೋಸ್‌ಗೆ ಲಿನಕ್ಸ್ ಕಾವಲು ಕಾಯುವುದಿಲ್ಲ. ಬ್ಯಾಂಕ್ ವ್ಯವಹಾರ, ಇಮೇಲ್ ಲಿನಕ್ಸ್‌ನಲ್ಲಿ ಮಾಡಿ. ವಿಂಡೋಸ್ ಅನ್ನು ಇಂಟರ್ನೆಟ್ ಬೇಡದ ಕೆಲಸಕ್ಕೆ ಇಟ್ಟುಕೊಳ್ಳಿ.

ಶುರು ಮಾಡುವ ಮುನ್ನ

1. ಮುಖ್ಯ ಫೈಲ್‌ಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ.

2. ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬೂಟ್ ವ್ಯವಸ್ಥೆ ಬದಲಾದಾಗ ವಿಂಡೋಸ್ ಅದನ್ನು ಕೇಳಬಹುದು. ಕೀ ಇಲ್ಲದಿದ್ದರೆ ಡ್ರೈವ್ ತೆರೆಯುವುದಿಲ್ಲ.

3. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟ್‌ಅಪ್’ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಆಗ ಲಿನಕ್ಸ್‌ನಿಂದ ಆ ಡ್ರೈವ್‌ಗೆ ಬರೆದರೆ ಫೈಲ್‌ಗಳು ಕೆಡಬಹುದು.

4. ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು, ‘ಶ್ರಿಂಕ್ ವಾಲ್ಯೂಮ್’ ಮೂಲಕ ಲಿನಕ್ಸ್‌ಗೆ ಜಾಗ ಬಿಡಿಸಿ.

5. ಉಬುಂಟುವನ್ನು ಅದರ ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳಿ, ಫಾರ್ವರ್ಡ್ ಆಗಿ ಬಂದ ಲಿಂಕ್‌ನಿಂದ ಬೇಡ. ರೂಫಸ್‌ನಂಥ ತಂತ್ರಾಂಶದಿಂದ ಅದನ್ನು ಪೆನ್‌ಡ್ರೈವ್‌ಗೆ ಹಾಕಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ.

6. ಮೊದಲು ‘ಟ್ರೈ ಉಬುಂಟು’ ಆರಿಸಿ. ಇನ್‌ಸ್ಟಾಲ್ ಮಾಡದೆಯೇ ವೈ-ಫೈ, ಧ್ವನಿ, ಕೀಬೋರ್ಡ್ ಸರಿಯಿವೆಯೇ ಎಂದು ನೋಡಬಹುದು.

ಆಮೇಲೆ ಗಾಬರಿಯಾಗಬೇಡಿ

ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸಬಹುದು. ಅದು ವೈರಸ್ ಅಲ್ಲ. ಯಂತ್ರದ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯವನ್ನು ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದುಕೊಳ್ಳುತ್ತದೆ. ಮುಂದೆ ಲಿನಕ್ಸ್ ಬೇಡವೆನಿಸಿದರೆ ನೇರವಾಗಿ ಅದರ ಭಾಗವನ್ನು ಅಳಿಸಬೇಡಿ, ಬೂಟ್ ಮೆನು ಕೆಟ್ಟು ನಿಲ್ಲಬಹುದು. ಮೊದಲು ಬಯೋಸ್ ಸೆಟ್ಟಿಂಗ್‌ನಲ್ಲಿ ವಿಂಡೋಸ್ ಅನ್ನು ಮೊದಲ ಆಯ್ಕೆಯಾಗಿ ಮಾಡಿ.

ಒಟ್ಟಿನಲ್ಲಿ: ಡ್ಯುಯಲ್ ಬೂಟ್ ತಾನಾಗಿ ಫೈಲ್ ಅಳಿಸುವುದಿಲ್ಲ, ಲ್ಯಾಪ್‌ಟಾಪ್ ನಿಧಾನವನ್ನೂ ಮಾಡುವುದಿಲ್ಲ. ಆದರೆ ಬ್ಯಾಕಪ್ ಇಲ್ಲದೆ ಕೈಹಾಕಿದರೆ ಒಂದು ತಪ್ಪು ಕ್ಲಿಕ್ ಸಾಕು, ವರ್ಷಗಳ ಫೋಟೋ ಹೋಗಿಬಿಡುತ್ತವೆ.